ಗಾಳಿಗೆ ಬಿಡದ ಗ್ಯಾಸ್

“ಹ್ವಾಯ್, ನಮ್ಮ ಕೋಣಿ ಬೆವರ್ತಾ ಇತ್ತ್ ಮಾರಾಯ. ಕೈಯಲ್ ಎಂತ ಕೆಲ್ಸ ಇದ್ರೂ ಅಲ್ಲೇ ಬಿಟ್ಟ್ ಬಾ.”

ಬೀಜಾಡಿಯಿಂದ ಅಕ್ಕ ಫೋನು ಮಾಡಿದಾಗ ನಾನು ಹೆಮ್ಮಾಡಿಯ ಒಂದು ಬೇಕರಿಯಲ್ಲಿ ಫ್ರಿಜ್ಜಿನ ಬೆನ್ನು ಬಿಚ್ಚಿಕೊಂಡು ಕೂತಿದ್ದೆ. ಅಕ್ಕ ನನ್ನ ಒಡಹುಟ್ಟಿದವರಲ್ಲ. ಮೀನು ಮಾರುವ ಹೆಂಗಸರ ಸಂಘವೊಂದನ್ನು ನಡೆಸುವವರು, ಊರಿಗೆಲ್ಲ ಅಕ್ಕ, ಹಾಗೆ ನನಗೂ. ಆ ಸಂಘಕ್ಕೆ ಕಡಲ ದಂಡೆಯ ಹತ್ತಿರ ಒಂದು ಶೀತಕೋಣೆ ಇದೆ. ಫ್ರಿಜ್, ಏಸಿ, ಐಸ್‌ಕ್ರೀಮ್ ಪೆಟ್ಟಿಗೆ ಅಂತ ದಿನವಿಡೀ ಚಿಲ್ಲರೆ ರಿಪೇರಿ ಮಾಡುವ ನನಗೆ ಆ ಕೋಣೆಯ ಮೇಲೆ ತುಸು ಹೆಚ್ಚೇ ಮಮತೆ. ನನ್ನ ಕೈಕೆಳಗೆ ಇರುವುದರಲ್ಲಿ ಅದೇ ದೊಡ್ಡ ಯಂತ್ರ.

ಮೇ ತಿಂಗಳು ಮುಗಿಯುತ್ತಿತ್ತು. ಜೂನ್ ಬಂತೆಂದರೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮೊಟ್ಟೆಯಿಡುವ ಕಾಲವೆಂದು ಎರಡು ತಿಂಗಳು ಸರ್ಕಾರದ ನಿಷೇಧ. ಆ ಎರಡು ತಿಂಗಳು ದೋಣಿಯವರು ಬಲೆ ಹೊಲಿಯುತ್ತಾರೆ, ಮೀನು ಮಾರುವ ಹೆಂಗಸರು ಏನು ಮಾಡಬೇಕು? ಅದಕ್ಕೆಂದೇ ಅಕ್ಕನ ಸಂಘ ಮೇ ತಿಂಗಳಲ್ಲಿ ಬಂಗುಡೆ, ಬೂತಾಯಿ, ಅಂಜಲ್ ಕೊಂಡು, ಹೆಪ್ಪುಗಟ್ಟಿಸಿ ಕೋಣೆಯಲ್ಲಿ ತುಂಬಿಡುತ್ತದೆ. ಮಳೆಗಾಲದಲ್ಲಿ ಅದನ್ನೇ ಬುಟ್ಟಿಯಲ್ಲಿಟ್ಟುಕೊಂಡು ಒಳನಾಡಿನ ವಂಡ್ಸೆಯ ತನಕ ಮಾರಿ ಬರುತ್ತಾರೆ. ಆ ಸಲ ಕೋಣೆ ಬಾಗಿಲ ತನಕ ತುಂಬಿತ್ತು.

ಹೋಗಿ ನೋಡಿದರೆ ಅಕ್ಕ ಹೇಳಿದ್ದು ಸುಳ್ಳಲ್ಲ. ಒಳಗೋಡೆಯ ಮೇಲೆ ಬಿಳಿ ಹಿಮ ಇರಬೇಕಾದಲ್ಲಿ ನೀರು ಹನಿಯುತ್ತಿತ್ತು. ಶೂನ್ಯಕ್ಕಿಂತ ಎಷ್ಟೋ ಕೆಳಗಿರಬೇಕಾದ ಉಷ್ಣಮಾಪಕದ ಮುಳ್ಳು ನಿಧಾನವಾಗಿ ಮೇಲೆ ಹತ್ತುತ್ತಿತ್ತು. ಒತ್ತಡ ಅಳೆಯುವ ಗೇಜು ಹಾಕಿ ನೋಡಿದೆ, ಗ್ಯಾಸ್ ಕಡಿಮೆಯಾಗಿದೆ. ಎಲ್ಲೋ ಸೋರಿಕೆ. ಮೀನು ಇನ್ನೂ ಕಲ್ಲಿನಂತೆ ಗಟ್ಟಿಯಿತ್ತು, ಆದರೆ ಬಹಳ ಹೊತ್ತು ಹಾಗೆ ಇರುವುದಿಲ್ಲವೆಂದು ನನಗೂ ಗೊತ್ತು, ಬಾಗಿಲಲ್ಲಿ ಸಾಲಾಗಿ ನಿಂತಿದ್ದ ಹೆಂಗಸರಿಗೂ ಗೊತ್ತು.

ಒಳಗೆ ತಂಪು ಕೊಡುವ ತಾಮ್ರದ ಕೊಳವೆಗಳ ಸಾಲಿಗೆ ನಾವು ಕಾಯಿಲ್ ಎನ್ನುತ್ತೇವೆ. ಅದರ ಮುಚ್ಚಳ ಬಿಚ್ಚಿದೆ. ತಿರುವಿನಲ್ಲಿ ಎಣ್ಣೆಯ ಕಲೆ ಇತ್ತು. ಸೋಪಿನ ನೊರೆ ಹಚ್ಚಿದ ತಕ್ಷಣ ಗುಳ್ಳೆ ಎದ್ದಿತು. ಸೋರುವ ಜಾಗ ಸಿಕ್ಕಿತೆಂದು ಖುಷಿಪಡುವಷ್ಟರಲ್ಲಿ ಕೊಳವೆಯ ಮೇಲೆ, ಕೆಳಗಿನ ತಟ್ಟೆಯಲ್ಲಿ ಬಿಳಿ ಬಿಳಿ ಹರಳು ಕಂಡಿತು. ಬೆರಳಿಗೆ ತಾಗಿಸಿ ನಾಲಗೆಗಿಟ್ಟೆ.

“ಅಕ್ಕಾ, ಇದೆಂತ ಉಪ್ಪ್ ಇಲ್ಲಿ?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಕ್ಕನೇ ಬಾಯಿಬಿಟ್ಟರು. “ನಾವೇ ಹಾಕದ್ ಮಾರಾಯ. ಕೊಳವೆ ಮೇಲೆ ಐಸ್ ಕಟ್ತಾ ಇತ್ತ್, ತಂಪ್ ಬಪ್ದ್ ಕಮ್ಮಿ ಆಯ್ತ್. ಬುಟ್ಟಿ ಒಳ್ಗೆ ಐಸಿಗೆ ಉಪ್ಪ್ ಹಾಕ್ರೆ ತಂಪ್ ಜಾಸ್ತಿ ಆತ್ತಲೆ? ಇಲ್ಲೂ ಒಂದ್ ಮುಷ್ಟಿ ಹಾಕ್ವಾ ಅಂದೇಳಿ ಹಾಕ್ತಾ ಬಂದದ್.”

ನನಗೆ ಕೋಪ ಮೂಗಿನ ತುದಿಯಲ್ಲಿ. ಬಾಯಿ ತೆರೆದೆ, ಬೈಯಲಿಕ್ಕೆ ಪದ ಹುಡುಕಿದೆ, ಅಷ್ಟರಲ್ಲಿ ನಗು ಬಂದುಬಿಟ್ಟಿತು. ಅವರ ಲೆಕ್ಕದಲ್ಲಿ ತಪ್ಪೇನಿದೆ? ಮೀನಿನ ಬುಟ್ಟಿಗೆ ಐಸು, ಐಸಿಗೆ ಕಲ್ಲುಪ್ಪು, ಅಜ್ಜಿಯ ಕಾಲದಿಂದ ಮಾಡಿಕೊಂಡು ಬಂದದ್ದು. ತಾಮ್ರದ ಮೇಲೆ ಉಪ್ಪುನೀರು ನಿಂತರೆ ಕೊಳವೆ ತೂತಾಗುತ್ತದೆಂದು ಅವರಿಗೆ ಯಾರು ಹೇಳಿದ್ದರು? ನಾನಂತೂ ಹೇಳಿರಲಿಲ್ಲ.

“ಇದ್ ಹಾಳಾರೆ ನಮ್ಗೆ ಮಳೆಗಾಲ ಇಲ್ಲೆ ತಮ್ಮಾ,” ಅಂದರು ಅಕ್ಕ. ಅಳುತ್ತಿರಲಿಲ್ಲ. ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಕೊಳವೆ ಬೆಸೆಯಬೇಕಾದರೆ ಮೊದಲು ಅದರೊಳಗಿನ ಗ್ಯಾಸ್ ಖಾಲಿಯಾಗಬೇಕು. ಸಾಮಾನ್ಯವಾಗಿ ಯಂತ್ರದ ಹೊರಭಾಗದ ಟ್ಯಾಂಕಿಗೆ ಗ್ಯಾಸನ್ನು ಎಳೆದುಕೊಂಡು ವಾಲ್ವ್ ಮುಚ್ಚಿಬಿಟ್ಟರೆ ಆಯಿತು. ಆ ವಾಲ್ವ್ ಹಿಡಿದು ತಿರುಗಿಸಿದರೆ ಅಲುಗಾಡಲಿಲ್ಲ. ಕಡಲ ಗಾಳಿಗೆ ತುಕ್ಕು ಹಿಡಿದು ಕಲ್ಲಾಗಿತ್ತು. ಜೋರು ಮಾಡಿದರೆ ಮುರಿದು ಇದ್ದದ್ದೂ ಹೋದೀತು. ಇಂಥ ಹೊತ್ತಿನಲ್ಲಿ ನಮ್ಮ ಕಸುಬಿನವರು ಮಾಡುವುದು ಒಂದೇ ಕೆಲಸ. ಪೈಪು ಸಡಿಲಿಸಿ ಗ್ಯಾಸನ್ನು ಗಾಳಿಗೆ ಬಿಟ್ಟುಬಿಡುವುದು, ಆಮೇಲೆ ಹೊಸದನ್ನು ತುಂಬುವುದು. ಬುಸ್ ಎಂದು ಸದ್ದು ಬರುತ್ತದೆ, ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯುತ್ತದೆ. ಯಾರ ಮನಸ್ಸಿಗೂ ಅದು ತಪ್ಪೆಂದು ತೋರುವುದಿಲ್ಲ, ಕಣ್ಣಿಗೆ ಕಾಣದ್ದು ಎಲ್ಲಿಗೆ ಹೋದರೇನು ಅಂತ.

ಆದರೆ ಅದೇ ಬೇಸಿಗೆಯಲ್ಲಿ ನಾನು ಬ್ರಹ್ಮಾವರದಲ್ಲಿ ಒಂದು ತರಬೇತಿಗೆ ಕೂತು ಬಂದಿದ್ದೆ. ಅಲ್ಲಿ ಕಲಿಸಿದ ಮೇಡಂ ಸಾಲಿಗ್ರಾಮದ ಕಡೆಯವರು, ಬಾಯಿ ತುಂಬ ಮಾತು, ಕೈಯಲ್ಲಿ ಸದಾ ಸ್ಪ್ಯಾನರು. ನಮ್ಮ ಹಳೆಯ ಯಂತ್ರಗಳಲ್ಲಿರುವ ಆರ್-ಇಪ್ಪತ್ತೆರಡು ಎಂಬ ಗ್ಯಾಸಿಗೆ ಎರಡು ಕೆಟ್ಟ ಗುಣ ಎಂದು ಅವರು ಹೇಳಿದ್ದರು. ಅದರಲ್ಲಿ ಕ್ಲೋರಿನ್ ಇದೆ, ಅದು ಮೇಲಕ್ಕೆ ಹೋಗಿ ಬಿಸಿಲಿನ ವಿಷವನ್ನು ತಡೆಯುವ ಓಝೋನನ್ನು ತಿನ್ನುತ್ತದೆ. ಜೊತೆಗೆ ಭೂಮಿಯ ಬಿಸಿಯನ್ನು ಹಿಡಿದಿಡುತ್ತದೆ. ಗಾಳಿಗೆ ಬಿಡದೆ ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬುವ ರಿಕವರಿ ಯಂತ್ರವನ್ನೂ ತೋರಿಸಿದ್ದರು. ಅಂಥ ಯಂತ್ರ ನನ್ನ ಬಳಿ ಇರಲಿಲ್ಲ.

ಹೆಂಡತಿಯ ಅಣ್ಣ, ನಮ್ಮ ಭಾವ, ಅಷ್ಟರಲ್ಲಿ ಬಂದು ಮುಟ್ಟಿದ್ದರು. ಕರೆಂಟಿನ ಕೆಲಸ, ಏಸಿ ಕೂರಿಸುವ ಕೆಲಸ ಅವರದು, ಯಂತ್ರದ ರಿಪೇರಿ ನನ್ನದು. ಬಹಳ ವರ್ಷ ಮುಂಬೈಯಲ್ಲಿದ್ದು ಬಂದವರಾದ್ದರಿಂದ ಯಾವ ವಿಷಯಕ್ಕೂ ಅವರಲ್ಲಿ ಒಂದು ಅಭಿಪ್ರಾಯ ತಯಾರಿರುತ್ತದೆ.

“ಗ್ಯಾಸ್ ಬಿಡ್ ಮಾರಾಯ, ಎಂತ ಕಾಂತಾ ಕೂಕಂಡಿದೆ? ಹೊಸ ಸಿಲಿಂಡರ್ ತರ್ಸುವಾ. ಮೀನ್ ಕರ್ಗ್ತಾ ಇತ್ತ್, ನೀನ್ ಆಕಾಶ ಕಾಂತೆ.”

ಅವರು ಹೇಳುವುದರಲ್ಲಿಯೂ ಸತ್ಯವಿತ್ತು. ಬ್ರಹ್ಮಾವರದಿಂದ ಯಂತ್ರ ಬರಬೇಕು, ಗ್ಯಾಸ್ ಎಳೆಯಬೇಕು, ಅಷ್ಟು ಹೊತ್ತು ಮೀನು ಕಾಯುತ್ತದೆಯೇ? ಓಝೋನಿಗೆ ತೊಂದರೆ ಕೊಡದ ಬೇರೆ ಗ್ಯಾಸ್ ತುಂಬಬಹುದೇ ಎಂದೂ ಯೋಚಿಸಿದೆ. ಪೇಟೆಯಲ್ಲಿ ಸುಲಭವಾಗಿ ಸಿಗುವ ಅಂಥ ಗ್ಯಾಸು ಬಿಸಿ ಹಿಡಿಯುವುದರಲ್ಲಿ ಹಳೆಯದಕ್ಕೆ ಅಣ್ಣ. ಮೇಲಾಗಿ ಯಂತ್ರದ ಎಣ್ಣೆ ಬದಲಿಸಬೇಕು, ವಾಲ್ವ್ ಬದಲಿಸಬೇಕು, ಅದೆಲ್ಲ ವಾರದ ಕೆಲಸ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ಅವತ್ತು ನನ್ನ ಕೈಯಲ್ಲಿತ್ತು. ಸ್ಪ್ಯಾನರನ್ನು ಪೈಪಿಗೆ ಕೊಟ್ಟು ಹಿಡಿದುಕೊಂಡೇ ನಿಂತಿದ್ದೆ.

“ಅಕ್ಕಾ,” ಅಂದೆ, “ಮೀನನ್ನ ಒಂದೆರಡ್ ದಿನ ಬೇರೆ ಕಡೆ ಇಡುಕೆ ಆತ್ತಾ?”

“ಎಂತಕ್ಕೆ?”

“ಈ ಗ್ಯಾಸ್ ಬಿಡುಕೆ ನಂಗ್ ಮನ್ಸಿಲ್ಲೆ. ಹಿಡ್ಕಂಬುಕೆ ಒಂದ್ ಯಂತ್ರ ತರ್ಸ್ತೆ. ಅದಕ್ಕೆ ಹೊತ್ ಬೇಕ್.”

ಅಕ್ಕ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದರು. ಆಮೇಲೆ ಒಂದು ಮಾತು ಕೇಳಿದರು. “ಬಿಟ್ರೆ ಯಾರಿಗ್ ತೊಂದ್ರೆ?”

“ಎಲ್ಲರಿಗೂ. ಬಿಸ್ಲಂಗೆ ತಿರ್ಗುವರಿಗೆ ಮೊದ್ಲ್.”

ದಿನವಿಡೀ ಬಿಸಿಲಿನಲ್ಲಿ ಬುಟ್ಟಿ ಹೊತ್ತು ತಿರುಗುವ ಕೆಲಸ ಆ ಹೆಂಗಸರದೇ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಾನ್ ಕೋಡಿಗೆ ಹೋಯಿ ಬತ್ತೆ,” ಎಂದು ಹೊರಟೇಬಿಟ್ಟರು. ಒಂದು ಮಳೆಗಾಲದ ಅನ್ನವನ್ನು ನನ್ನ ಮಾತಿನ ಮೇಲೆ ಇಟ್ಟರು.

ಪಕ್ಕದ ಊರು ಕೋಡಿಯಲ್ಲಿ ಒಂದು ಮೀನಿನ ದೋಣಿ ಆ ವರ್ಷದ ಕೊನೆಯ ಮೀನು ಇಳಿಸಿ ನಿಂತಿತ್ತು. ಮರುದಿನದ ಭರತಕ್ಕೆ, ಅಂದರೆ ನೀರು ಏರುವ ಹೊತ್ತಿಗೆ, ಅದನ್ನು ದಡಕ್ಕೆ ಎಳೆಯುವುದೆಂದು ಜನರನ್ನೂ ಕರೆದಾಗಿತ್ತು. ಅದರ ಹೊಟ್ಟೆಯಲ್ಲಿ ಮೀನು ತುಂಬುವ ಕೋಣೆ ಇರುತ್ತದೆ, ದಪ್ಪ ಗೋಡೆಯದು, ಐಸ್ ಹಾಕಿ ಮುಚ್ಚಿದರೆ ಬೇಗ ಕರಗುವುದಿಲ್ಲ. ಅಕ್ಕ ದೋಣಿಯ ಯಜಮಾನರ ಮುಂದೆ ಹೋಗಿ ನಿಂತು ಕೇಳಿದರಂತೆ. ಯಜಮಾನರು ತಲೆ ಕೆರೆದುಕೊಂಡು, “ನಿಂಗ್ಳ್ ಮೀನ್ ಹಾಳಾರೆ ಮಳೆಗಾಲ ಇಡೀ ಬೈಗುಳ ಕೇಂಬುದ್ ನಾನೇ ಅಲ್ದಾ? ದೋಣಿ ಎಳುದ್ ಆಮೇಲ್ ಕಾಂಬ. ತುಂಬ್ಸಿ,” ಅಂದರಂತೆ. ಕರೆದ ಜನರಿಗೆಲ್ಲ ತಾವೇ ಹೋಗಿ ಬೇಡವೆಂದು ಹೇಳಿ ಬಂದರು. ಅದೇನು ಸಣ್ಣ ಉಪಕಾರವಲ್ಲ. ಮಳೆ ಮುಂಚೆ ಬಂದರೆ, ಕಡಲು ಎದ್ದರೆ, ದೋಣಿಗೇ ಅಪಾಯ.

ಕ್ರೇಟು ಸಾಗಿಸಲಿಕ್ಕೆ ಗೂಡ್ಸ್ ರಿಕ್ಷಾ ಬಂತು. ಹೆಂಗಸರು ಸಾಲು ನಿಂತು ಕೈಯಿಂದ ಕೈಗೆ ಕ್ರೇಟು ದಾಟಿಸಿದರು. ದೋಣಿಯ ಹೊಟ್ಟೆಯಲ್ಲಿ ಒಂದು ಪದರ ಪುಡಿ ಐಸು, ಅದರ ಮೇಲೆ ಕಲ್ಲುಪ್ಪು, ಅದರ ಮೇಲೆ ಮೀನು, ಮತ್ತೆ ಐಸು, ಮತ್ತೆ ಉಪ್ಪು. ಬರೀ ಐಸಿಗೆ ಹೆಪ್ಪುಗಟ್ಟಿದ ಮೀನನ್ನು ಹಾಗೇ ಹಿಡಿದಿಡುವ ಶಕ್ತಿ ಇಲ್ಲ, ಉಪ್ಪು ಸೇರಿದರೆ ಅದು ಶೂನ್ಯಕ್ಕಿಂತ ಕೆಳಗೆ ಇಳಿಯುತ್ತದೆ. ನನ್ನ ಕಾಯಿಲನ್ನು ತಿಂದ ಉಪ್ಪೇ ಅಲ್ಲಿ ಮೀನು ಕಾಯುತ್ತಿತ್ತು. “ಈಗ ಬೈ ಕಾಂಬ ಉಪ್ಪಿಗೆ,” ಎಂದು ಒಬ್ಬಾಕೆ ನನ್ನನ್ನು ಕೆಣಕಿದಳು. ಬೈಯಲಿಲ್ಲ, ನಾನೂ ಒಂದು ಮುಷ್ಟಿ ಎರಚಿದೆ.

ಮೇಡಮ್ಮಿಗೆ ಫೋನು ಮಾಡಿ ಯಂತ್ರ ಕಳಿಸಲು ಕೇಳಿದ್ದೆ. ಅವರು ಕಳಿಸಲಿಲ್ಲ, ತಮ್ಮ ಕಾರಿನಲ್ಲಿ ಹಾಕಿಕೊಂಡು ತಾವೇ ಬಂದರು. ಮೀನು ತಿನ್ನದ ಮನೆಯವರು, ಮೀನಿನ ವಾಸನೆ ದೂರದಿಂದ ಬಂದರೂ ಆಗದವರು. ಕೋಣೆಯ ಬಾಗಿಲಲ್ಲಿ ಒಮ್ಮೆ ನಿಂತು, ದುಪಟ್ಟಾವನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು, “ಎಲ್ಲಿ, ಗೇಜ್ ಕಾಣ್ಸಿ,” ಎನ್ನುತ್ತ ಒಳಗೆ ನುಗ್ಗಿದರು. ಆ ಧೈರ್ಯಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಯಂತ್ರ ನೋಡಲು ಒಂದು ಸೂಟ್‌ಕೇಸಿನಷ್ಟು. ಒಂದು ಪೈಪು ಶೀತಕೋಣೆಯ ಯಂತ್ರಕ್ಕೆ, ಇನ್ನೊಂದು ತೂಕದ ಮೇಲಿಟ್ಟ ಖಾಲಿ ಸಿಲಿಂಡರಿಗೆ. ಶುರು ಮಾಡಿದರೆ ಗುರ್ ಎನ್ನುತ್ತ ಗ್ಯಾಸನ್ನು ಎಳೆದು ದ್ರವ ಮಾಡಿ ತುಂಬುತ್ತದೆ. ಸಿಲಿಂಡರು ಬಿಸಿಯಾದರೆ ಕೆಲಸ ನಿಧಾನವಾಗುತ್ತದೆಂದು ಅದನ್ನು ಐಸಿನ ಬಾನಿಯಲ್ಲಿ ಇಟ್ಟೆವು. ಆಮೇಲೆ ಮಾಡುವುದೇನಿಲ್ಲ, ಕಾಯುವುದು. ಖಾಲಿ ಕ್ರೇಟುಗಳನ್ನು ಬೋರಲು ಹಾಕಿ ಎಲ್ಲರೂ ಕೂತರು. ಯಾರೋ ಚಹಾ ತಂದರು.

ಭಾವನಿಗೆ ಸುಮ್ಮನೆ ಕೂತು ಗೊತ್ತಿಲ್ಲ. “ಮೇಡಂ, ಒಂದ್ ಕೇಣ್ಲಾ? ಬಿಸಿ ಹಿಡಿಯೂ ಗ್ಯಾಸ್ ಜಾಸ್ತಿ ಆದ್ರೆ ಓಝೋನ್ ಬೇಗ ಗುಣ ಆತ್ತಂಬ್ರಲೆ. ಮೊಬೈಲಂಗೆ ಓದಿದೆ. ಹಾಂಗಾರೆ ಬಿಟ್ರೆ ಒಳ್ಳೇದೇ ಅಲ್ದಾ?”

ನನಗೆ ನಾಚಿಕೆಯಾಯಿತು, ಮೇಡಮ್ಮಿಗೆ ಮಾತ್ರ ಹುರುಪು ಬಂತು. “ನೀವ್ ಓದಿದ್ದ್ ಸುಳ್ಳಲ್ಲ, ಅರ್ಧ ಸತ್ಯ. ಬಿಸಿ ಹಿಡಿಯುವ ಗ್ಯಾಸ್ ನಮ್ಮ ಸುತ್ತ ಕಂಬಳಿ ಹೊದೆಸಿದ ಹಾಗೆ. ಕೆಳಗೆ ಸೆಕೆ. ಆದರೆ ಬಹಳ ಮೇಲೆ, ಓಝೋನ್ ಇರುವಲ್ಲಿ, ಇದ್ದ ಬಿಸಿ ಆಕಾಶಕ್ಕೆ ಹೋಗಿಬಿಡ್ತದೆ, ಅಲ್ಲಿ ತಂಪಾಗ್ತದೆ. ತಂಪಾದರೆ ಓಝೋನ್ ಒಡೆಯುವ ಕೆಲಸ ನಿಧಾನ. ಅದಕ್ಕೇ ಮೇಲಿನ ಪದರ ಬೇಗ ಚೇತರಿಸ್ತದೆ ಅನ್ನೋದು.”

“ಕಂಡ್ಯಾ?” ಭಾವ ನನ್ನ ಕಡೆ ತಿರುಗಿದರು.

“ತಡೀರಿ. ಭೂಮಿಯ ಎರಡು ತುದಿಯಲ್ಲಿ ಅದೇ ತಂಪು ಕೇಡು ಮಾಡ್ತದೆ. ಅಲ್ಲಿ ಚಳಿ ವಿಪರೀತ ಆದರೆ ಅಷ್ಟು ಎತ್ತರದಲ್ಲೂ ತೆಳ್ಳಗೆ ಮೋಡ ಕಟ್ತದೆ. ಆ ಮೋಡದ ಮೇಲೆ ಕ್ಲೋರಿನ್ ಎಚ್ಚರಾಗಿ ಓಝೋನನ್ನು ಇನ್ನೂ ಜಾಸ್ತಿ ತಿನ್ತದೆ. ಈ ಸಿಲಿಂಡರಿನಲ್ಲಿ ಇರೋದು ಎರಡೂ ಮಾಡುವಂಥದ್ದು, ಕಂಬಳಿಯೂ ಹೌದು, ಕ್ಲೋರಿನ್ನೂ ಹೌದು.”

ಅಕ್ಕ ಅಷ್ಟು ಹೊತ್ತೂ ಬಾನಿಗೆ ಐಸ್ ಹಾಕುತ್ತಿದ್ದರು. ತಲೆ ಎತ್ತಿ ಕೇಳಿದರು, “ಅದ್ ಆ ತುದಿ, ಈ ತುದಿ. ನಮ್ಮ ತಲೆ ಮೇಲ್ ಎಂತ ಆತ್ತ್?”

ಮೇಡಂ ಕೈಯ ಸ್ಪ್ಯಾನರನ್ನು ಆಕಾಶಕ್ಕೆ ಎತ್ತಿ ತೋರಿಸಿದರು. “ಓಝೋನ್ ಹೆಚ್ಚು ಹುಟ್ಟೋದೇ ನಮ್ಮಂಥ ಬಿಸಿಲಿನ ಸೀಮೆಯ ಮೇಲೆ ಅಕ್ಕ. ಮೇಲಿನ ಗಾಳಿ ಅದನ್ನ ಉತ್ತರಕ್ಕೆ, ದಕ್ಷಿಣಕ್ಕೆ ಹೊತ್ಕೊಂಡ್ ಹೋಗ್ತದೆ. ಕೆಳಗೆ ಬಿಸಿ ಏರಿದ ಹಾಗೆ ಆ ಗಾಳಿಯ ಓಟವೂ ಜೋರಾಗ್ತದೆ ಅಂತ ಅಂದಾಜು. ಹಾಗಾಗಿ ಬೇರೆಯವರಿಗೆ ತುಂಬಿದಷ್ಟು ನಮಗೆ ತುಂಬಲಿಕ್ಕಿಲ್ಲ.”

“ಓಹೋ,” ಅಕ್ಕ ಬಾನಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. “ಮೀನ್ ಹಿಡುದ್ ಇಲ್ಲಿ, ಲಾರಿ ಹೋಪ್ದ್ ಹೊರ್ಗೆ. ನಮ್ಗ್ ಉಳುದ್ ತಲೆ, ಬಾಲ.”

ಮೇಡಂ ದುಪಟ್ಟಾ ಕೆಳಗಿಳಿಸಿ, ಮೂಗು ಬಿಟ್ಟು ನಕ್ಕರು. ಭಾವನೂ ನಕ್ಕರು. ಆಮೇಲೆ ಅವರು ಗ್ಯಾಸ್ ಬಿಡುವ ಮಾತೆತ್ತಲಿಲ್ಲ, ಎದ್ದು ಹೋಗಿ ಫ್ಯಾನಿನ ವೈರು ಸರಿ ಮಾಡಲು ತೊಡಗಿದರು.

ಸಂಜೆಯೊಳಗೆ ಗ್ಯಾಸೆಲ್ಲ ಸಿಲಿಂಡರಿಗೆ ಬಂದಿತ್ತು. ಕೊಳವೆಯಲ್ಲಿ ನೈಟ್ರೋಜನ್ ಹರಿಸುತ್ತ ತೂತನ್ನು ಬೆಸೆದೆ. ಹಾಗೆ ಮಾಡದಿದ್ದರೆ ಒಳಗೆ ಕಿಟ್ಟ ಕಟ್ಟಿ ಆಮೇಲೆ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಬೆಸುಗೆ ಚೆನ್ನಾಗಿ ಕೂತಿತೆಂದು ಬೀಗಿದೆ. ನೈಟ್ರೋಜನ್ ಒತ್ತಡ ಹಾಕಿ ನೋಡಿದರೆ ಪಕ್ಕದ ತಿರುವಿನಲ್ಲಿ ಗುಳ್ಳೆ. ಅದನ್ನು ಬೆಸೆದರೆ ಕೆಳಗಿನದರಲ್ಲಿ. ಉಪ್ಪು ತನ್ನ ಕೆಲಸವನ್ನು ನನಗಿಂತ ಶಿಸ್ತಿನಿಂದ ಮಾಡಿತ್ತು. ಕೊನೆಗೆ ಕೆಟ್ಟ ತಿರುವುಗಳನ್ನೆಲ್ಲ ಕತ್ತರಿಸಿ ಹೊಸ ತುಂಡು ಕೂಡಿಸಿದೆ, ಕೆಲಸ ಮಾಡದ ಹಳೆಯ ವಾಲ್ವನ್ನೂ ಬದಲಿಸಿದೆ. ರಾತ್ರಿ ಊಟದ ಹೊತ್ತಿಗೆ ಒತ್ತಡ ತುಂಬಿಸಿ, ಗೇಜಿನ ಮುಳ್ಳಿನ ಜಾಗಕ್ಕೆ ಗುರುತು ಹಾಕಿ ಮನೆಗೆ ಹೋದೆವು. ಅಕ್ಕ ಮಾತ್ರ ಕೋಡಿಗೆ ಹೋಗಿ ದೋಣಿಗೆ ಇನ್ನಷ್ಟು ಐಸು, ಉಪ್ಪು ಹಾಕಿಸಿ ಬಂದರು.

ಬೆಳಿಗ್ಗೆ ಮುಳ್ಳು ಗುರುತಿನ ಮೇಲೇ ಇತ್ತು. ಆ ಹೊತ್ತಿನ ನೆಮ್ಮದಿ ಹೇಳತೀರದು. ವ್ಯಾಕ್ಯೂಮ್ ಪಂಪು ಹಚ್ಚಿ ಒಳಗಿನ ಗಾಳಿ, ನೀರಿನಂಶ ಎಲ್ಲ ತೆಗೆಯಲು ಶುರು ಮಾಡಿದೆವು. ಸೋರಿ ಹೋದದ್ದಕ್ಕೆ ಬದಲು ಸ್ವಲ್ಪ ಹೊಸ ಗ್ಯಾಸ್ ಬೇಕಿತ್ತಲ್ಲ, ಅದನ್ನು ಹಿಂದಿನ ದಿನವೇ ನಾನು ತರಿಸಲು ಹೇಳಿದ್ದೆ. ಸಿಲಿಂಡರು ಬಸ್ಸಿನಲ್ಲಿ ಬಂತು, ಹೊಚ್ಚ ಹೊಸ ಪೆಟ್ಟಿಗೆ, ಮೇಲೆ ಚಂದದ ಅಚ್ಚು. ಭಾವ ಪೈಪು ಜೋಡಿಸಲು ಹೊರಟರು.

“ಒಂದ್ ನಿಮಿಷ,” ಅಂದರು ಮೇಡಂ. ಆವತ್ತೂ ಅವರು ಬಂದಿದ್ದರು. ಶುದ್ಧ ಗ್ಯಾಸಾದರೆ ಇಂತಿಷ್ಟು ಬಿಸಿಗೆ ಇಂತಿಷ್ಟೇ ಒತ್ತಡ ಎಂದು ಒಂದು ಪಟ್ಟಿ ಇದೆ. ಸಿಲಿಂಡರನ್ನು ನೆರಳಿನಲ್ಲಿಟ್ಟು ಗೇಜು ಹಾಕಿ ನೋಡಿದರೆ ಪಟ್ಟಿಗೂ ಅದಕ್ಕೂ ತಾಳೆಯೇ ಇಲ್ಲ. ಮತ್ತೊಮ್ಮೆ ನೋಡಿದೆವು, ಇಲ್ಲ. ಮೇಡಮ್ಮಿನ ಮುಖ ಬಿಳಿಚಿತು. “ಇದು ಇಪ್ಪತ್ತೆರಡಲ್ಲ. ಎಂತದೋ ಬೆರೆಸಿದ್ದಾರೆ. ಅಡುಗೆ ಗ್ಯಾಸಿನ ಜಾತಿಯದ್ದು ಇದ್ದರೂ ಇರಬಹುದು. ಮುಟ್ಟಬೇಡಿ.”

ಹಳೆಯ ಗ್ಯಾಸಿನ ತಯಾರಿಕೆ ಹಂತಹಂತವಾಗಿ ನಿಲ್ಲುತ್ತಿರುವುದರಿಂದ ಸಿಗುವುದು ಕಡಿಮೆ, ಕಲಬೆರಕೆ ಹೆಚ್ಚು ಎಂದು ಕೇಳಿದ್ದೆ, ನನ್ನ ಮನೆ ಬಾಗಿಲಿಗೇ ಬರುತ್ತದೆಂದು ಎಣಿಸಿರಲಿಲ್ಲ. ಕೊಟ್ಟವರಿಗೆ ಫೋನು ಮಾಡಿದರೆ, ಪಾಪ, ಅವರೂ ಮೋಸ ಹೋದವರೇ. ಬೇರೆ ಸಿಲಿಂಡರು ಬರಲು ವಾರವಾದರೂ ಬೇಕು ಅಂದರು.

ಆಗ ನನಗೆ ಹೊಳೆಯಿತು. ಹಿಂದಿನ ದಿನ ಸ್ಪ್ಯಾನರು ತಿರುಗಿಸಿದ್ದರೆ? ಇದ್ದ ಒಳ್ಳೆಯ ಗ್ಯಾಸ್ ಗಾಳಿಗೆ ಹೋಗಿ, ಈ ಬೆಂಕಿಯ ಬುರುಡೆಯನ್ನೇ ಕೋಣೆಗೆ ತುಂಬಿ, ಹೆಂಗಸರ ಕೈಗೆ ಕೀಲಿ ಕೊಟ್ಟು ಹೋಗುತ್ತಿದ್ದೆ. ಇಲ್ಲವೇ ಗ್ಯಾಸೇ ಇಲ್ಲದೆ ಕೂತಿರುತ್ತಿದ್ದೆ. ಈಗ ಕೊನೆಯ ಪಕ್ಷ ಹೆಚ್ಚಿನ ಪಾಲು ನಮ್ಮ ಕೈಯಲ್ಲಿತ್ತು. ಆದರೆ ಹೆಚ್ಚಿನ ಪಾಲಿನಿಂದ ಕೋಣೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಸ್ವಲ್ಪ ಬೇಕೇ ಬೇಕು. ಮೋಡ ಕಪ್ಪಾಗುತ್ತಿತ್ತು. ಯಜಮಾನರು ಕೋಡಿಯಿಂದ ಎರಡು ಸಲ ಫೋನು ಮಾಡಿ, “ಅವಸರ ಇಲ್ಲೆ, ಆರೆ ನಾಳೆ ಭರತಕ್ಕೆ ಎಳೀಕೇ,” ಅಂದಿದ್ದರು.

ಭಾವ ರಿಕವರಿ ಯಂತ್ರಕ್ಕೆ ಒಂದು ಸುತ್ತು ಬಂದರು. ಇದ್ದಕ್ಕಿದ್ದಂತೆ, “ಆ ಯಂತ್ರ ಏಸಿಯಿಂದ್ಲೂ ಎಳಿತ್ತಾ?” ಎಂದು ಕೇಳಿದರು.

“ಎಳಿತದೆ,” ಅಂದರು ಮೇಡಂ.

“ಹೆಮ್ಮಾಡಿ ಬದಿ ಮದಿ ಹಾಲಿಗೆ ಹೊಸ ಏಸಿ ಹಾಕದ್ ನಾನೇ. ಹಳೇದ್ ಆರೇಳ್ ಹಿಂದಿನ ಶೆಡ್ಡಂಗೆ ಬಿದ್ಕಂಡಿತ್ತ್. ವಾಲ್ವ್ ಮುಚ್ಚಿ ಬಿಚ್ಚಿದೆ, ಗ್ಯಾಸ್ ಒಳ್ಗೇ ಇತ್ತ್. ಎಲ್ಲಾ ಇಪ್ಪತ್ತೆರಡೇ.”

ಹಿತ್ತಲ ಗಿಡ ಮದ್ದಲ್ಲ ಅಂತ ಯಾರು ಹೇಳಿದರೋ! ನಾನು ಹೋಗಿ ಭಾವನನ್ನು ಅಪ್ಪಿಕೊಂಡೆ. “ಬಿಡ್ ಮಾರಾಯ, ಬೆವ್ರ್,” ಎಂದು ಅವರು ನನ್ನನ್ನು ದೂಡಿದರು, ಆದರೆ ಖುಷಿಯಾದದ್ದು ಮುಖದಲ್ಲಿ ಕಾಣುತ್ತಿತ್ತು.

ಮದುವೆ ಹಾಲಿನವರು ಒಂದು ಮಾತೂ ಕ್ಯಾತೆ ತೆಗೆಯದೆ ಶೆಡ್ಡಿನ ಬೀಗ ತೆಗೆದುಕೊಟ್ಟರು, ಒಳಗೆ ಬಲ್ಬು ಹಾಕಿಕೊಟ್ಟರು. ಒಂದೊಂದೇ ಏಸಿಯಿಂದ ಗ್ಯಾಸ್ ಎಳೆದೆವು. ಎರಡು ಖಾಲಿ ಇದ್ದವು, ಉಳಿದವುಗಳಲ್ಲಿ ಇತ್ತು. ಪ್ರತಿಯೊಂದನ್ನೂ ಪಟ್ಟಿಗೆ ಹೋಲಿಸಿ, ಫಿಲ್ಟರು ದಾಟಿಸಿ ಶುದ್ಧ ಮಾಡಿ ತುಂಬಿದೆವು. ಯಾರ ಯಾರದೋ ಮದುವೆಯಲ್ಲಿ ಬೆವರು ಒರೆಸಿದ ಗ್ಯಾಸು ನಮ್ಮ ಸಿಲಿಂಡರಿಗೆ ಬಂದು ಸೇರಿತು.

ಮಧ್ಯಾಹ್ನ ಊಟದ ನಂತರ ಎಲ್ಲವನ್ನೂ ತೂಗಿ ನೋಡಿ ಶೀತಕೋಣೆಯ ಯಂತ್ರಕ್ಕೆ ತುಂಬಿದೆ. ಕಂಪ್ರೆಸರ್ ಎದ್ದಿತು. ಮೊದಲು ಕೊಳವೆ ಬೆವರಿತು, ಆಮೇಲೆ ಅದರ ಮೇಲೆ ತೆಳ್ಳನೆ ಬಿಳಿ ಹಿಮ ಕೂತಿತು, ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನೆ. ಗೇಜಿನ ಮುಳ್ಳು ಇರಬೇಕಾದಲ್ಲಿ ನಿಂತಿತು. ಖಾಲಿ ಕೋಣೆಯಲ್ಲಿ ನಮ್ಮ ಉಸಿರು ಹೊಗೆಯಾಗತೊಡಗಿದಾಗ ಅಕ್ಕ ಹೊರಗಿನ ಹೆಂಗಸರಿಗೆ, “ಹೋಪ, ಮೀನ್ ತರುವಾ,” ಎಂದು ಕೂಗಿದರು.

ಮೀನು ಹಿಂದಕ್ಕೆ ಬಂತು. ಮರುದಿನ ಭರತಕ್ಕೆ ದೋಣಿ ದಡ ಸೇರಿತು, ಎಳೆಯಲು ನಾನೂ ಭಾವನೂ ಕೈಹಾಕಿದೆವು. ಅದಾದ ಮೇಲೆ ಮಳೆ ಹಿಡಿಯಿತು. ಮೇಡಮ್ಮಿಗೆ ಕೊಡಲು ಅಕ್ಕನ ಕೈಯಲ್ಲಿ ಏನಿತ್ತು? ಮೀನಂತೂ ಕೊಡುವಂತಿಲ್ಲ. ತಮ್ಮ ಮನೆಯ ಮಾವಿನ ಮಿಡಿ ಉಪ್ಪಿನಕಾಯಿಯ ಒಂದು ಭರಣಿಯನ್ನು, “ಮೀನಿನ ಕೈ ತಾಗಲಿಲ್ಲೆ, ಪ್ರಮಾಣ,” ಎಂದು ಕಾರಿನಲ್ಲಿ ಇಟ್ಟು ಕಳಿಸಿದ್ದರು.

ಆದರೆ ನನ್ನ ಚಿಂತೆ ಮುಗಿದಿರಲಿಲ್ಲ. ಕೋಣೆ ಸರಿಯಾಯಿತು, ಮೀನು? ಎರಡು ದಿನ ಹತ್ತಿರ ಹತ್ತಿರ ದೋಣಿಯ ಹೊಟ್ಟೆಯಲ್ಲಿತ್ತು. ಮೇಲಿನ ಸಾಲಿನ ಮೀನು ಅರ್ಧ ಕರಗಿ ಮತ್ತೆ ಹೆಪ್ಪುಗಟ್ಟಿದ್ದರೆ ಮಾಂಸ ಸಡಿಲಾಗುತ್ತದೆ, ರುಚಿ ಕೆಡುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ, ಬಾಯಿಗಿಟ್ಟರೆ ಗೊತ್ತಾಗುತ್ತದೆ. ಅಕ್ಕ ಆಗಲೇ ಹೇಳಿಬಿಟ್ಟಿದ್ದರು, “ನನ್ನ ಮನಿಯಂಗೆ ಮೊದ್ಲ್ ಬೇಯ್ಸಿ ಕಾಣ್ತೆ. ಸರಿ ಇಲ್ದಿರೆ ಒಂದ್ ಮೀನೂ ಬುಟ್ಟಿಗ್ ಹಾಕುದಿಲ್ಲೆ. ಎಲ್ಲಾ ಗೊಬ್ಬರಕ್ಕೆ.” ಅವರ ಬುಟ್ಟಿಯ ಮೀನನ್ನು ಜನ ಕಣ್ಣುಮುಚ್ಚಿ ಕೊಳ್ಳುವುದು ಸುಮ್ಮನೆ ಅಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ನನ್ನನ್ನೂ ಭಾವನನ್ನೂ ಊಟಕ್ಕೆ ಕರೆದರು. ಜೋರು ಮಳೆ, ಅಂಗಳದಲ್ಲಿ ಮಾತಾಡಿದ್ದು ಕೇಳುತ್ತಿರಲಿಲ್ಲ. ಸಂಘದ ಹೆಂಗಸರು ಬುಟ್ಟಿ, ಪ್ಲಾಸ್ಟಿಕ್ ಹೊದಿಕೆ ಹಿಡಿದುಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ಅಕ್ಕ ದೋಣಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಕ್ರೇಟಿನ ಬಂಗುಡೆಯನ್ನೇ ಆರಿಸಿ ತಂದು ಸಾರು ಮಾಡಿದ್ದರು. ನಮಗೆ ಬಡಿಸುವ ಮೊದಲು ಅತ್ತೆಗೆ ಬಡಿಸಿದರು. ಅಕ್ಕನ ಅತ್ತೆ ತುಂಬ ವಯಸ್ಸಾದವರು, ಕಣ್ಣು ಮಂದ, ನಾಲಗೆ ಮಾತ್ರ ಹರಿತ. ಒಂದು ಕಾಲದಲ್ಲಿ ಅವರೂ ಬುಟ್ಟಿ ಹೊತ್ತವರು. ಮೀನು ಕೆಟ್ಟಿದೆ ಅನಿಸಿದರೆ ತಟ್ಟೆ ದೂಡಿಬಿಡುತ್ತಾರಂತೆ, ನೆಂಟರಿದ್ದರೂ ನೋಡುವುದಿಲ್ಲವಂತೆ. ಮೀನು ಮೇ ತಿಂಗಳಿನದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವರು ಅನ್ನ ಕಲಸಿ, ಮೀನು ಮುರಿದು, ಮುಳ್ಳು ಬಿಡಿಸಿ ಬಾಯಿಗಿಟ್ಟರು. ಭಾವ ನೀರಿನ ಲೋಟ ಎತ್ತಿದವರು ಹಾಗೇ ಹಿಡಿದಿದ್ದರು. ಅಜ್ಜಿ ನಿಧಾನವಾಗಿ ಜಗಿದರು, ನುಂಗಿದರು, ಇನ್ನೊಂದು ತುತ್ತು ತೆಗೆದುಕೊಂಡರು. ಆಮೇಲೆ ತಲೆ ಎತ್ತಿ, ಮಳೆ ಬೀಳುತ್ತಿದ್ದ ಕಡೆಗೆ ಮುಖ ಮಾಡಿ ಸೊಸೆಯನ್ನು ಕೇಳಿದರು:

“ಈ ಮಳೆ ಒಳ್ಗೆ ಯಾವ ದೋಣಿ ಹೋಯಿತ್ತ್ ಹೆಣ್ಣೇ?”

ಅಕ್ಕ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದರು, ಜಗಲಿಯ ಬಾಗಿಲಿಗೆ ಹೋಗಿ ನಿಂತು, ಕಣ್ಣೊರೆಸಿಕೊಳ್ಳುತ್ತಲೇ ಹೊರಗಿನವರಿಗೆ ಹೇಳಿದರು, “ಬುಟ್ಟಿ ತಕಣಿ.”